ನಿರಂತರ ಏಕೀಕರಣ ಮತ್ತು ನಿರಂತರ ನಿಯೋಜನೆ

ಹಲವರು ಸೇರಿ ಬರೆಯುವ ತಂತ್ರಾಂಶದ ತುಣುಕುಗಳನ್ನು ದಿನಕ್ಕೆ ಒಂದು ಬಾರಿಯಾದರೂ ಒಂದೇ ಮೂಲಪ್ರತಿಗೆ ಸೇರಿಸಿ, ಸೇರಿಸಿದ ಪ್ರತಿ ಸಲವೂ ಅದನ್ನು ಯಂತ್ರದಿಂದಲೇ ಕಟ್ಟಿಸಿ ಪರೀಕ್ಷಿಸುವ ಪದ್ಧತಿಗೆ ನಿರಂತರ ಏಕೀಕರಣ ಎಂದು ಹೆಸರು. ಪರೀಕ್ಷೆ ದಾಟಿದ್ದನ್ನು ಬಳಕೆದಾರರ ತನಕ ಯಂತ್ರದ ಮೂಲಕವೇ ಮುಟ್ಟಿಸುವುದು ನಿರಂತರ ನಿಯೋಜನೆ. ಕಚೇರಿಗಳಲ್ಲಿ ಈ ಕನ್ನಡ ಪದಗಳು ಕಿವಿಗೆ ಬೀಳುವುದು ಅಪರೂಪ. ಅಲ್ಲಿ ಎರಡೂ ಸೇರಿ ‘ಸಿಐ-ಸಿಡಿ’, ಇಡೀ ಏರ್ಪಾಡು ‘ಪೈಪ್‌ಲೈನ್’, ಅದು ಕೆಂಪು ತೋರಿಸಿದರೆ ‘ಬಿಲ್ಡ್ ಬ್ರೇಕ್ ಆಗಿದೆ’. ಈ ಲೇಖನವೂ ಆ ಮಾತುಗಳನ್ನೇ ಹೆಚ್ಚಾಗಿ ಬಳಸುತ್ತದೆ.

ದಿನಸಿ ಅಂಗಡಿಯವರು ರಾತ್ರಿ ಬಾಗಿಲು ಹಾಕುವ ಮುಂಚೆ ಗಲ್ಲಾಪೆಟ್ಟಿಗೆ ಎಣಿಸುತ್ತಾರೆ. ಐವತ್ತು ರೂಪಾಯಿ ಕಡಿಮೆ ಬಿದ್ದರೆ ಆ ದಿನ ಬಂದ ಗಿರಾಕಿಗಳನ್ನು ನೆನೆಸಿಕೊಂಡರೆ ಸಾಕು, ಎಲ್ಲಿ ಚಿಲ್ಲರೆ ತಪ್ಪಿತೆಂದು ಗೊತ್ತಾಗುತ್ತದೆ. ದೀಪಾವಳಿಗೊಮ್ಮೆ ಮಾತ್ರ ಎಣಿಸುವವನಿಗೆ ಕಡಿಮೆ ಬಿದ್ದದ್ದು ತಿಳಿಯುತ್ತದೆ, ಎಲ್ಲಿ ಎಂಬುದು ತಿಳಿಯುವುದಿಲ್ಲ. ಸಿಐ ಹಿಂದಿನ ತರ್ಕ ಇದಕ್ಕಿಂತ ಆಳವಾದದ್ದೇನಲ್ಲ. ಆದರೂ ಅದು ರೂಢಿಗೆ ಬರಲು ಹತ್ತಿಪ್ಪತ್ತು ವರ್ಷ ಹಿಡಿಯಿತು.

ಹಿನ್ನೆಲೆ

1990ರ ದಶಕದವರೆಗೆ ದೊಡ್ಡ ಯೋಜನೆಗಳಲ್ಲಿ ಏಕೀಕರಣವು ಕಟ್ಟಕಡೆಗೆ ಬರುವ ಪ್ರತ್ಯೇಕ ಹಂತವಾಗಿತ್ತು. ಒಬ್ಬೊಬ್ಬರೂ ತಮ್ಮ ಭಾಗವನ್ನು ತಿಂಗಳುಗಟ್ಟಲೆ ಬರೆದು, ಆಮೇಲೆ ಎಲ್ಲವನ್ನೂ ಜೋಡಿಸಲು ಕೂರುತ್ತಿದ್ದರು. ಲೇಖಕ ಮಾರ್ಟಿನ್ ಫೌಲರ್ ವಿದ್ಯಾರ್ಥಿಯಾಗಿದ್ದಾಗ ಬೇಸಿಗೆ ತರಬೇತಿಗೆಂದು ಇಂಗ್ಲೆಂಡಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಗೆ ಹೋಗಿದ್ದರು. ಅಲ್ಲಿ ಎರಡು ವರ್ಷ ಬರೆದಿದ್ದ ತಂತ್ರಾಂಶವೊಂದನ್ನು ಜೋಡಿಸುವ ಕೆಲಸ ಆಗಲೇ ಹಲವು ತಿಂಗಳಿನಿಂದ ನಡೆದಿತ್ತು. ಅದು ಯಾವಾಗ ಮುಗಿಯುತ್ತದೆಂದು ಹೇಳಬಲ್ಲವರು ಯಾರೂ ಇರಲಿಲ್ಲ ಎಂದು ಅವರು ಮುಂದೆ ನೆನೆಸಿಕೊಂಡಿದ್ದಾರೆ.

ಕೋಡನ್ನು ಕಟ್ಟುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಆಲೋಚನೆ ಇದಕ್ಕಿಂತ ಹಳೆಯದು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಪ್ರೋಗ್ರಾಮ್ ಬರೆದರು. ತಪ್ಪನ್ನು ತಿದ್ದಿಯಾದ ಮೇಲೂ, ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಲು ಮರೆತು, ಸರಿಯಿರುವ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಸಹೋದ್ಯೋಗಿಯೊಬ್ಬರು ಬೆಳಗಿನ ಹೊತ್ತನ್ನೆಲ್ಲ ಕಳೆದದ್ದೇ ಅದಕ್ಕೆ ಪ್ರೇರಣೆ. 1990ರ ದಶಕದಲ್ಲಿ ಮೈಕ್ರೋಸಾಫ್ಟ್‌ನ ದೊಡ್ಡ ತಂಡಗಳು ದಿನಕ್ಕೊಮ್ಮೆ ಇಡೀ ಉತ್ಪನ್ನವನ್ನು ಕಟ್ಟಿ, ಅದು ಹೊತ್ತಿಕೊಳ್ಳದೆ ಚಾಲೂ ಆಗುತ್ತದೆಯೇ ಎಂದಷ್ಟೇ ನೋಡುವ ಕ್ರಮವನ್ನು ಬೆಳೆಸಿದ್ದವು.

‘ನಿರಂತರ ಏಕೀಕರಣ’ ಎಂಬ ಮಾತನ್ನು 1991ರಲ್ಲಿ ಗ್ರೇಡಿ ಬೂಚ್ ತಮ್ಮ ವಿನ್ಯಾಸ ಗ್ರಂಥದಲ್ಲಿ ಬಳಸಿದರು. ದಿನಕ್ಕೆ ಹಲವು ಬಾರಿ ಎಂಬ ಹಟ ಅವರದಾಗಿರಲಿಲ್ಲ. ಅದು ಬಂದದ್ದು ಕ್ರೈಸ್ಲರ್ ಕಾರು ಕಂಪನಿಯ ಸಂಬಳದ ಲೆಕ್ಕಪತ್ರ ಯೋಜನೆಯಿಂದ. 1996ರಲ್ಲಿ ಕುಂಟುತ್ತಿದ್ದ ಆ ಯೋಜನೆಯನ್ನು ಕೆಂಟ್ ಬೆಕ್ ಕೈಗೆತ್ತಿಕೊಂಡು, ರಾನ್ ಜೆಫ್ರೀಸ್ ಮೊದಲಾದವರ ಜೊತೆ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ಎಂಬ ಶಿಸ್ತನ್ನು ರೂಪಿಸಿದರು. ನೋವು ಕೊಡುವ ಕೆಲಸವನ್ನು ಮುಂದೂಡಬೇಡಿ, ಚೂರು ಚೂರಾಗಿ ದಿನವೂ ಮಾಡಿ ಎಂಬುದು ಅದರ ತಿರುಳು. 1997ರಲ್ಲಿ ಆ ವ್ಯವಸ್ಥೆ ಸುಮಾರು ಹತ್ತು ಸಾವಿರ ನೌಕರರ ಸಂಬಳ ಲೆಕ್ಕ ಹಾಕಲು ಶುರುಮಾಡಿತು. ಯೋಜನೆ ಮಾತ್ರ ಪೂರ್ಣಗೊಳ್ಳಲಿಲ್ಲ, 2000ದಲ್ಲಿ ರದ್ದಾಯಿತು. ಯೋಜನೆ ಸತ್ತರೂ ಪದ್ಧತಿ ಬದುಕಿತು. ಅದೇ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಬೆಕ್ ಮತ್ತು ಎರಿಕ್ ಗಾಮಾ ಬರೆದ ‘ಜೆಯುನಿಟ್’ ಎಂಬ ಪರೀಕ್ಷಾ ಚೌಕಟ್ಟು ಅದಕ್ಕೆ ಅಸ್ತಿಭಾರವಾಯಿತು. ತಾನಾಗಿ ಓಡುವ ಟೆಸ್ಟ್‌ಗಳಿಲ್ಲದೆ ಸಿಐ ಎಂದರೆ ಬರಿಯ ಕಂಪೈಲ್ ಮಾಡುವ ಯಂತ್ರ.

ಆರಂಭದ ದಿನಗಳಲ್ಲಿ ಉಪಕರಣವೇ ಇರಲಿಲ್ಲ. ಕೋಣೆಯಲ್ಲೊಂದು ಏಕೀಕರಣದ ಕಂಪ್ಯೂಟರ್ ಇಟ್ಟುಕೊಂಡು, ಒಬ್ಬರಾದ ಮೇಲೆ ಒಬ್ಬರು ಅಲ್ಲಿಗೆ ಎದ್ದುಹೋಗಿ ತಮ್ಮ ಕೆಲಸ ಸೇರಿಸಿ, ಎಲ್ಲ ಟೆಸ್ಟ್ ಓಡಿಸಿ ಬರುತ್ತಿದ್ದರು. ಸರದಿ ಯಾರದೆಂದು ತಿಳಿಯಲು ಒಂದು ರಬ್ಬರ್ ಕೋಳಿಯನ್ನು ಇಟ್ಟುಕೊಂಡ ತಂಡಗಳೂ ಇದ್ದವು: ಕೋಳಿ ಯಾರ ಕೈಯಲ್ಲಿದೆಯೋ ಅವರಷ್ಟೇ ಕೋಡ್ ಸೇರಿಸಬಹುದು. ಈಗ ಕೋಟ್ಯಂತರ ರೂಪಾಯಿಯ ಸರ್ವರ್‌ಗಳಿದ್ದರೂ ಶಿಸ್ತಿಲ್ಲದ ತಂಡಗಳಿಗಿಂತ ಆ ಕೋಳಿಯ ತಂಡಗಳೇ ಸಿಐಯನ್ನು ಚೆನ್ನಾಗಿ ಮಾಡುತ್ತಿದ್ದವು ಎನ್ನಬೇಕು.

ಉಪಕರಣಗಳು

2000ದಲ್ಲಿ ಫೌಲರ್ ಮತ್ತು ಮ್ಯಾಥ್ಯೂ ಫೊಮೆಲ್ ಸಿಐ ಕುರಿತು ಬರೆದ ಲೇಖನ ಬಹಳ ಜನರನ್ನು ತಲುಪಿತು. ಮರುವರ್ಷ ಅವರ ಸಂಸ್ಥೆಯಾದ ಥಾಟ್‌ವರ್ಕ್ಸ್‌ನಿಂದ ‘ಕ್ರೂಸ್‌ಕಂಟ್ರೋಲ್’ ಹೊರಬಂತು. ಮೂಲಪ್ರತಿ ಬದಲಾಗಿದೆಯೇ ಎಂದು ಆಗಾಗ ಇಣುಕಿ, ಬದಲಾಗಿದ್ದರೆ ಕಟ್ಟಿ, ಫಲಿತಾಂಶವನ್ನು ಮಿಂಚಂಚೆಯಲ್ಲಿ ಕಳಿಸುವುದು ಅದರ ಕೆಲಸ. ಹೊಂದಿಸುವುದು ಮಾತ್ರ ತಲೆನೋವು.

ಆ ತಲೆನೋವು ಕಳೆದವರು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಸುಕೆ ಕವಾಗುಚಿ. ತಾವು ಸೇರಿಸಿದ ಕೋಡಿನಿಂದ ಪದೇ ಪದೇ ಬಿಲ್ಡ್ ಒಡೆದು ಸಹೋದ್ಯೋಗಿಗಳ ಮುನಿಸಿಗೆ ಗುರಿಯಾಗುತ್ತಿದ್ದ ಅವರು, ಬೇರೆಯವರಿಗಿಂತ ಮೊದಲು ತಮಗೇ ತಿಳಿಯಲಿ ಎಂದು 2004ರಲ್ಲಿ ‘ಹಡ್ಸನ್’ ಬರೆಯತೊಡಗಿದರು. ಒಂದೇ ಕಡತ ಇಳಿಸಿಕೊಂಡು ಓಡಿಸಿದರೆ ಆಯಿತು, ಉಳಿದದ್ದನ್ನೆಲ್ಲ ಬ್ರೌಸರ್‌ನಲ್ಲೇ ಹೊಂದಿಸಬಹುದಿತ್ತು. ಬೇಕಾದ ಸೌಲಭ್ಯವನ್ನು ಪ್ಲಗಿನ್ ಆಗಿ ಯಾರು ಬೇಕಾದರೂ ಬರೆದು ಸೇರಿಸಬಹುದಿತ್ತು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಹಡ್ಸನ್ ಎಂಬ ಹೆಸರು ತನ್ನದೆಂದು ಅದು ಹೇಳಿದಾಗ, 2011ರ ಜನವರಿಯಲ್ಲಿ ಬಳಕೆದಾರರ ಸಮುದಾಯ ಮತ ಹಾಕಿತು. 214 ಮತ ಹೊಸ ಹೆಸರಿನ ಪರ, 14 ವಿರುದ್ಧ. ಕೋಡು ಕವಲೊಡೆದು ‘ಜೆಂಕಿನ್ಸ್’ ಆಯಿತು. ಬೋ-ಟೈ ಕಟ್ಟಿ, ತೋಳಿಗೆ ಟವೆಲ್ ಹಾಕಿಕೊಂಡ ಬಟ್ಲರ್ ಅದರ ಲಾಂಛನ. ಹಡ್ಸನ್ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಹೆಸರು ಕಂಪನಿಯ ಕೈಲಿ ಉಳಿದು ಬರೆಯುವವರು ಎದ್ದುಹೋದರೆ ಏನಾಗುತ್ತದೆ ಎಂಬುದಕ್ಕೆ ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿ ಇದು ಒಳ್ಳೆಯ ನಿದರ್ಶನ. ಜೆಂಕಿನ್ಸ್‌ಗೆ ಪ್ಲಗಿನ್‌ಗಳೇ ಬಲ, ಪ್ಲಗಿನ್‌ಗಳೇ ಭಾರ. ಒಂದನ್ನು ಹೊಸದಾಗಿಸಿದರೆ ಇನ್ನೆರಡು ಮುನಿಸಿಕೊಳ್ಳುತ್ತವೆ ಎಂಬುದು ಅದನ್ನು ನೋಡಿಕೊಳ್ಳುವವರೆಲ್ಲರ ಗೊಣಗಾಟ.

ಬರ್ಲಿನ್‌ನಲ್ಲಿ 2011ರಲ್ಲಿ ಹುಟ್ಟಿದ ಟ್ರಾವಿಸ್ ಸಿಐ, ಸರ್ವರ್ ಇಟ್ಟುಕೊಳ್ಳುವ ಗೋಜನ್ನೇ ತೆಗೆದು, ಮುಕ್ತ ತಂತ್ರಾಂಶಗಳಿಗೆ ಸೇವೆಯನ್ನು ಉಚಿತವಾಗಿ ಕೊಟ್ಟಿತು. ಪೈಪ್‌ಲೈನ್ ಹೇಗಿರಬೇಕೆಂಬ ವಿವರವನ್ನು ಕೋಡಿನ ಪಕ್ಕದಲ್ಲೇ ಖಾಲಿ ಜಾಗಕ್ಕೂ ಅರ್ಥವಿರುವ ‘ಯಾಮಲ್’ ರೂಪದ ಒಂದು ಕಡತದಲ್ಲಿ ಬರೆದಿಡುವ ರೂಢಿ ವ್ಯಾಪಕವಾದದ್ದೂ ಅದರಿಂದ. ಆ ಕಡತದಲ್ಲಿ ಎರಡು ಖಾಲಿ ಜಾಗ ಹೆಚ್ಚುಕಡಿಮೆಯಾದರೆ ಸಂಜೆ ಹಾಳು. ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್ 2015ರಲ್ಲಿ ಸಿಐಯನ್ನು ತನ್ನೊಳಗೇ ಬೆಸೆದುಕೊಂಡಿತು. ಅಂಥದೇ ಇನ್ನೊಂದು ತಾಣದ ಗಿಟ್‌ಹಬ್ ಆಕ್ಷನ್ಸ್ 2019ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದ ಮೇಲೆ ಸಣ್ಣ ಯೋಜನೆಗಳು ಬಹುಪಾಲು ಅತ್ತ ಸರಿದವು. ಉಚಿತ ಗಣಕಶಕ್ತಿ ಸಿಗುವಲ್ಲಿ ಕ್ರಿಪ್ಟೋ ನಾಣ್ಯ ತೋಡುವವರೂ ನುಗ್ಗುತ್ತಾರೆ. ಈ ಸೇವೆಗಳು ಒಂದೊಂದಾಗಿ ಉಚಿತದ ಬಾಗಿಲನ್ನು ಕಿರಿದಾಗಿಸಲು ಅದೂ ಒಂದು ಕಾರಣ.

ಈ ನಡುವೆ 2013ರಲ್ಲಿ, ಪ್ರೋಗ್ರಾಮನ್ನು ಅದಕ್ಕೆ ಬೇಕಾದುದೆಲ್ಲದರ ಜೊತೆ ‘ಕಂಟೇನರ್’ ಎಂಬ ಡಬ್ಬಿಯಲ್ಲಿ ಕಟ್ಟುವ ಡಾಕರ್ ಬಂತು. ‘ನನ್ನ ಮೆಷಿನ್‌ನಲ್ಲಿ ಓಡ್ತಿದೆಯಲ್ಲ’ ಎಂಬ ಹಳೆಯ ಸಬೂಬಿಗೆ ಅದು ಉತ್ತರ ಕೊಟ್ಟಿತು: ಹಾಗಾದರೆ ನಿನ್ನ ಮೆಷಿನ್ನನ್ನೇ ಡಬ್ಬಿಯಲ್ಲಿ ತುಂಬಿ ಕಳಿಸು.

ಪೈಪ್‌ಲೈನಿನ ಒಳಗೆ

ಒಂದು ಸಣ್ಣ ಬದಲಾವಣೆಯ ಬೆನ್ನು ಹಿಡಿದು ಹೋದರೆ ಏರ್ಪಾಡು ಸ್ಪಷ್ಟವಾಗುತ್ತದೆ. ಮುದ್ರಿಸುವ ಚೀಟಿಯ ಮೇಲೆ ಜಾಗ ಸಾಲದೆಂದು ಗಿರಾಕಿಯ ಹೆಸರನ್ನು ಮೊದಲ ಐದು ಅಕ್ಷರಕ್ಕೆ ಕತ್ತರಿಸುವ ನಾಲ್ಕು ಸಾಲು ಕೋಡನ್ನು ಒಬ್ಬರು ಬರೆದರು ಎಂದುಕೊಳ್ಳಿ. ಅದನ್ನು ಕಮಿಟ್ ಮಾಡಿ ಕಳಿಸಿದ ಕ್ಷಣ, ಕೋಡಿನ ಭಂಡಾರವು ಸಿಐ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತದೆ. ಸರ್ವರ್ ಹೊಸದಾಗಿ ತೊಳೆದಿಟ್ಟ ಪಾತ್ರೆಯಂಥ ಖಾಲಿ ಕಂಟೇನರ್ ತೆರೆದು, ಕೋಡನ್ನೂ ಅದು ಅವಲಂಬಿಸಿದ ಲೈಬ್ರರಿಗಳನ್ನೂ ಇಳಿಸಿಕೊಂಡು, ಕಂಪೈಲ್ ಮಾಡಿ, ಟೆಸ್ಟ್‌ಗಳನ್ನು ಓಡಿಸುತ್ತದೆ.

‘ರಮೇಶ’ ಎಂಬ ಹೆಸರು ಪಾರಾಗುತ್ತದೆ. ‘ಲಕ್ಷ್ಮಿ’ ಸಿಕ್ಕಿಬೀಳುತ್ತದೆ. ಓದುವವರ ಕಣ್ಣಿಗೆ ಅದು ಎರಡೇ ಅಕ್ಷರ. ಯೂನಿಕೋಡ್‌ನ ಲೆಕ್ಕದಲ್ಲಿ ಏಳು ಸಂಕೇತ: ಲ, ಕ, ವಿರಾಮ, ಷ, ವಿರಾಮ, ಮ, ಇಕಾರದ ಗುಣಿತ. ಯುಟಿಎಫ್-8ರಲ್ಲಿ ಬರೆದಿಟ್ಟರೆ 21 ಬೈಟ್. ಐದು ಸಂಕೇತಕ್ಕೆ ಕತ್ತರಿಸಿದರೆ ಉಳಿಯುವುದು ‘ಲಕ್ಷ್’. ಐದು ಬೈಟ್‌ಗೆ ಕತ್ತರಿಸಿದರೆ ‘ಕ’ ಅಕ್ಷರದ ನಡುವೆಯೇ ಕತ್ತರಿ ಬಿದ್ದು ಚೌಕಟ್ಟಿನ ಚಿಹ್ನೆ ಕಾಣುತ್ತದೆ. ಹಿಂದೆಂದೋ ಯಾರೋ ಈ ಹೆಸರನ್ನಿಟ್ಟು ಒಂದು ಟೆಸ್ಟ್ ಬರೆದಿದ್ದರೆ ಐದು ನಿಮಿಷದಲ್ಲಿ ಕೆಂಪು ದೀಪ. ಬರೆದಿರದಿದ್ದರೆ ಪೈಪ್‌ಲೈನ್ ಹಸಿರಾಗಿಯೇ ಇರುತ್ತದೆ, ದೂರು ಬರುವುದು ಗಿರಾಕಿಯಿಂದ. ಯಂತ್ರ ಹುಡುಕುವುದು ನಾವು ಹುಡುಕು ಎಂದು ಹೇಳಿಟ್ಟಿದ್ದನ್ನು ಮಾತ್ರ.

ಟೆಸ್ಟ್‌ಗಳು ಬೇಗ ಮುಗಿಯಬೇಕು. ಹತ್ತು ನಿಮಿಷ ಮೀರಬಾರದೆಂದು ಬೆಕ್ ಹೇಳಿದ್ದರು, ಇಂದಿಗೂ ಅದೇ ಅಳತೆ. ಒಂದು ಗಂಟೆ ಹಿಡಿದರೆ ಬರೆದವರು ಬೇರೆ ಕೆಲಸಕ್ಕೆ ತಿರುಗಿರುತ್ತಾರೆ, ಕೆಂಪು ದೀಪ ನೋಡುವುದು ನಾಳೆ. ಅದಕ್ಕಿಂತ ಕೆಟ್ಟದ್ದು, ಕೋಡು ಬದಲಾಗದಿದ್ದರೂ ಒಮ್ಮೆ ಹಸಿರು ಒಮ್ಮೆ ಕೆಂಪು ತೋರಿಸುವ ಚಂಚಲ ಟೆಸ್ಟ್. ಗಡಿಯಾರವನ್ನೋ ನೆಟ್‌ವರ್ಕನ್ನೋ ನಂಬಿಕೊಂಡ ಟೆಸ್ಟ್‌ಗಳು ಹೀಗಾಡುತ್ತವೆ. ‘ಹುಲಿ ಬಂತು ಹುಲಿ’ ಎಂದ ಹುಡುಗನ ಕಥೆ ಇಲ್ಲಿ ದಿನವೂ ನಡೆಯುತ್ತದೆ. ಎಲ್ಲರೂ ಮತ್ತೊಮ್ಮೆ ಓಡಿಸುವ ಗುಂಡಿ ಒತ್ತಿ ಒತ್ತಿ ರೂಢಿಯಾಗಿ, ನಿಜವಾದ ಹುಲಿ ಬಂದ ದಿನವೂ ಅದೇ ಗುಂಡಿ ಒತ್ತುತ್ತಾರೆ.

ಇನ್ನೊಂದು ತೊಡಕು ನವಿರಾದದ್ದು. ಒಬ್ಬರು ಒಂದು ಫಂಕ್ಷನ್ನಿನ ಹೆಸರು ಬದಲಿಸಿ, ಅದನ್ನು ಕರೆಯುವ ಕಡೆಯೆಲ್ಲ ತಿದ್ದುತ್ತಾರೆ. ಅದೇ ಹೊತ್ತಿಗೆ ಇನ್ನೊಬ್ಬರು ಹೊಸ ಕಡತದಲ್ಲಿ ಹಳೆಯ ಹೆಸರಿನಿಂದ ಅದನ್ನು ಕರೆಯುತ್ತಾರೆ. ಬೇರೆ ಬೇರೆಯಾಗಿ ಇಬ್ಬರದೂ ಹಸಿರು. ಸಾಲುಗಳು ಒಂದಕ್ಕೊಂದು ತಾಗುವುದಿಲ್ಲವಾದ್ದರಿಂದ ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ಗೂ ತಕರಾರಿಲ್ಲ. ಎರಡೂ ಸೇರಿದಾಗ ಬಿಲ್ಡ್ ಒಡೆಯುತ್ತದೆ. ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಕಟ್ಟಿದ ‘ಜೂಲ್’ ಎಂಬ ಉಪಕರಣ ಇದಕ್ಕೆಂದೇ ಬದಲಾವಣೆಗಳನ್ನು ಸರದಿಯಲ್ಲಿ ನಿಲ್ಲಿಸಿ, ಮುಂದಿರುವವು ಸೇರಿಯಾಗಿವೆ ಎಂದು ಭಾವಿಸಿ ಹಿಂದಿನದನ್ನು ಪರೀಕ್ಷಿಸುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. 2005ರಲ್ಲಿ ಗಿಟ್ ಬಂದ ಮೇಲೆ ಬ್ರ್ಯಾಂಚ್ ಮಾಡುವುದು, ಅಂದರೆ ಮೂಲಪ್ರತಿಯಿಂದ ಕವಲೊಡೆದು ಪ್ರತ್ಯೇಕವಾಗಿ ಬರೆಯುವುದು, ಸಲೀಸಾಯಿತು. ಮೂರು ವಾರ ತನ್ನ ಬ್ರ್ಯಾಂಚ್‌ನಲ್ಲೇ ಕೂತು ಬರೆದು, ಅಲ್ಲಿ ದಿನವೂ ಟೆಸ್ಟ್ ಓಡಿಸಿ, ‘ನಮ್ಮಲ್ಲಿ ಸಿಐ ಇದೆ’ ಎನ್ನುವ ತಂಡಗಳು ಬೇಕಾದಷ್ಟು. ಅಲ್ಲಿ ಇರುವುದು ಸಿಐ ಸರ್ವರ್ ಅಷ್ಟೆ. ಮೂರು ವಾರ ಯಾವುದೂ ಯಾವುದರ ಜೊತೆಗೂ ಸೇರಿರುವುದಿಲ್ಲ.

ಡೆಲಿವರಿ, ಡಿಪ್ಲಾಯ್‌ಮೆಂಟ್

ಸಿಡಿ ಎಂಬ ಎರಡಕ್ಷರಕ್ಕೆ ಎರಡು ಬಿಡಿಸಿಕೆಗಳಿವೆ, ಗೊಂದಲವೂ ಅಲ್ಲಿಂದಲೇ. ಯಾವ ಗಳಿಗೆಯಲ್ಲಾದರೂ ಬಿಡುಗಡೆ ಮಾಡಬಹುದಾದ ಸ್ಥಿತಿಯಲ್ಲಿ ತಂತ್ರಾಂಶವನ್ನು ಇಟ್ಟುಕೊಂಡು, ಕೊನೆಯ ಗುಂಡಿಯನ್ನು ಮನುಷ್ಯರು ಒತ್ತುವುದು ನಿರಂತರ ಡೆಲಿವರಿ. ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲಿ 2010ರಲ್ಲಿ ಈ ಹೆಸರಿನಲ್ಲೇ ಪುಸ್ತಕ ಬರೆದರು. ಆ ಗುಂಡಿಯೂ ಇಲ್ಲದೆ, ಪರೀಕ್ಷೆ ದಾಟಿದ್ದೆಲ್ಲ ತಾನಾಗಿ ಪ್ರೊಡಕ್ಷನ್‌ಗೆ, ಅಂದರೆ ಬಳಕೆದಾರರು ಬಳಸುವ ಸರ್ವರ್‌ಗಳಿಗೆ, ಹೋಗುವುದು ನಿರಂತರ ಡಿಪ್ಲಾಯ್‌ಮೆಂಟ್. 2009ರಲ್ಲಿ ಫ್ಲಿಕರ್ ತಾಣದ ಜಾನ್ ಆಲ್‌ಸ್ಪಾ ಮತ್ತು ಪಾಲ್ ಹ್ಯಾಮಂಡ್ ದಿನಕ್ಕೆ ಹತ್ತಕ್ಕೂ ಹೆಚ್ಚು ಬಾರಿ ತಮ್ಮ ಕೋಡು ಹೊರಹೋಗುತ್ತದೆಂದು ಸಮಾವೇಶವೊಂದರಲ್ಲಿ ಹೇಳಿದಾಗ, ವರ್ಷಕ್ಕೆರಡು ಬಿಡುಗಡೆಯ ಲೋಕದಲ್ಲಿದ್ದವರು ಬೆರಗಾದರು. ಕೋಡ್ ಬರೆಯುವವರು, ಸರ್ವರ್ ಕಾಯುವವರು ಎಂಬ ಎರಡು ಪಂಗಡಗಳನ್ನು ಒಂದಾಗಿಸಲು ಹೊರಟ ‘ಡೆವ್‌ಆಪ್ಸ್’ ಚಳವಳಿ ಹುಟ್ಟಿದ್ದೂ ಆ ವರ್ಷವೇ.

ಕೈಯಿಂದ ನಿಯೋಜಿಸುವುದರ ಅಪಾಯಕ್ಕೆ ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವಹಿವಾಟು ಸಂಸ್ಥೆಯ ಪ್ರಕರಣವನ್ನು ಎಲ್ಲರೂ ಉದಾಹರಿಸುತ್ತಾರೆ. ಅದರ ವಿವರ ಅಲ್ಲಿನ ಷೇರು ನಿಯಂತ್ರಣ ಆಯೋಗದ 2013ರ ಆದೇಶದಲ್ಲಿದೆ. ಎಂಟು ಸರ್ವರ್‌ಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ತಂತ್ರಜ್ಞರೊಬ್ಬರು ಏಳಕ್ಕೆ ಹಾಕಿ ಒಂದನ್ನು ಬಿಟ್ಟರು. ಇನ್ನೊಬ್ಬರು ನೋಡಿ ಖಚಿತಪಡಿಸುವ ಪದ್ಧತಿ ಇರಲಿಲ್ಲ. ಎಂಟನೆಯದರಲ್ಲಿ 2003ರಿಂದ ಬಳಕೆಯಲ್ಲಿಲ್ಲದ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಮಲಗಿತ್ತು. ಹೊಸ ಕೋಡನ್ನು ಎಬ್ಬಿಸಲು ಬಳಸಿದ ಸಂಕೇತವೂ ಹಿಂದೆ ಅದನ್ನು ಎಬ್ಬಿಸುತ್ತಿದ್ದ ಸಂಕೇತವೂ ಒಂದೇ. 2012ರ ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಅದು ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 154 ಷೇರುಗಳಲ್ಲಿ 40 ಲಕ್ಷ ವಹಿವಾಟು ನಡೆದು, 46 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು. ಮಾರುಕಟ್ಟೆ ತೆರೆಯುವ ಮುನ್ನವೇ ವ್ಯವಸ್ಥೆ ತಾನಾಗಿ ದೋಷ ಸೂಚಿಸುವ 97 ಮಿಂಚಂಚೆ ಕಳಿಸಿತ್ತು, ಯಾರೂ ಗಮನಿಸಲಿಲ್ಲ. ಗಾಬರಿಯಲ್ಲಿ ಸರಿಯಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನು ತೆಗೆದದ್ದರಿಂದ ಅಲ್ಲೂ ಹಳೆಯದು ಎಚ್ಚೆತ್ತಿತು. ಮರುವರ್ಷದ ಹೊತ್ತಿಗೆ ಆ ಸಂಸ್ಥೆ ಬೇರೊಂದರಲ್ಲಿ ವಿಲೀನವಾಗಿತ್ತು.

ಹಾಗೆಂದು ಎಲ್ಲವನ್ನೂ ಯಂತ್ರಕ್ಕೆ ಬಿಟ್ಟರೆ ನಿಶ್ಚಿಂತೆ ಎನ್ನುವಂತಿಲ್ಲ. ಒಳ್ಳೆಯದನ್ನು ಎಷ್ಟು ಬೇಗ ಹಂಚುತ್ತದೋ ಕೆಟ್ಟದ್ದನ್ನೂ ಪೈಪ್‌ಲೈನ್ ಅಷ್ಟೇ ಬೇಗ ಹಂಚುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ಸಣ್ಣ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಆ ದಿನ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಪ್ರೋಗ್ರಾಮ್ ಅಲ್ಲ, ಬರಿಯ ಮಾಹಿತಿ ಕಡತ ಎಂದು ಹಂತಹಂತದ ಹಂಚಿಕೆಯಿಲ್ಲದೆ ಎಲ್ಲರಿಗೂ ಒಟ್ಟಿಗೇ ಹೋಗಿತ್ತು. ಒಂದೂಕಾಲು ಗಂಟೆಯಲ್ಲಿ ಕಡತವನ್ನು ಹಿಂದಕ್ಕೆ ಪಡೆದರೂ, ನಿಂತ ಯಂತ್ರಗಳ ಬಳಿಗೆ ಮನುಷ್ಯರೇ ಹೋಗಬೇಕಾಯಿತು.

ಈ ಬಗೆಯ ಅನಾಹುತ ತಡೆಯಲು ಬಳಕೆಯಲ್ಲಿರುವ ಉಪಾಯಗಳಲ್ಲಿ ‘ಕ್ಯಾನರಿ’ ಮುಖ್ಯ. ವಿಷಾನಿಲ ತಿಳಿಯಲು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಿಗೆ ಒಯ್ಯುತ್ತಿದ್ದ ಪುಟ್ಟ ಹಕ್ಕಿಯ ಹೆಸರು ಅದು. ಹೊಸ ಕೋಡನ್ನು ಮೊದಲು ನೂರಕ್ಕೆ ಒಬ್ಬಿಬ್ಬರು ಬಳಕೆದಾರರಿಗೆ ಮಾತ್ರ ತೋರಿಸಿ, ತಪ್ಪುಗಳ ಸಂಖ್ಯೆ ಏರದಿದ್ದರೆ ಉಳಿದವರಿಗೆ ಹರಡುತ್ತಾರೆ. ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ದಟ್ಟಣೆಯನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದು ‘ನೀಲಿ-ಹಸಿರು’ ವಿಧಾನ. ಕೋಡನ್ನು ಹಾಕಿಯೂ ಸ್ವಿಚ್ ಆರಿಸಿಟ್ಟು ಬೇಕಾದಾಗ ಹೊತ್ತಿಸುವುದು ‘ಫೀಚರ್ ಫ್ಲ್ಯಾಗ್’; ಹಳೆಯ ಫ್ಲ್ಯಾಗ್‌ಗಳನ್ನು ಕಿತ್ತುಹಾಕದಿದ್ದರೆ ಪವರ್ ಪೆಗ್ ಕಥೆಯೇ. ಡೇಟಾಬೇಸ್ ವಿಷಯದಲ್ಲಿ ಮಾತ್ರ ಇವೆಲ್ಲ ಅರ್ಧ ನೆರವು. ಕೋಡನ್ನು ನಿನ್ನೆಯದಕ್ಕೆ ಮರಳಿಸಬಹುದು. ಅಳಿಸಿಹೋದ ಕಾಲಮ್ ಮರಳುವುದಿಲ್ಲ.

ವಿಕಿಮೀಡಿಯದ ರೈಲು

ಕನ್ನಡದ ಓದುಗರು ವಾರವಾರವೂ ತಮಗೇ ಅರಿವಿಲ್ಲದೆ ಪಾಲ್ಗೊಳ್ಳುವ ಪೈಪ್‌ಲೈನ್ ಒಂದಿದೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶಕ್ಕೆ ಬರುವ ಬದಲಾವಣೆಗಳನ್ನು ‘ಗೆರಿಟ್’ ಎಂಬಲ್ಲಿ ಸಹ ಪ್ರೋಗ್ರಾಮರ್‌ಗಳು ಓದಿ ಒಪ್ಪಬೇಕು. ಜೂಲ್ ಮತ್ತು ಜೆಂಕಿನ್ಸ್ ಸೇರಿ ಪರೀಕ್ಷಿಸುತ್ತವೆ. ಹಾಗೆ ಸೇರಿದ್ದೆಲ್ಲ ವಾರಕ್ಕೊಂದು ಹೊಸ ಆವೃತ್ತಿಯಾಗಿ ಹೊರಡುತ್ತದೆ. ಅದನ್ನು ವಿಕಿಪೀಡಿಯದ ಹಿಂದಿರುವ ವಿಕಿಮೀಡಿಯ ಸಂಸ್ಥೆಯವರು ‘ರೈಲು’ ಎಂದೇ ಕರೆಯುತ್ತಾರೆ. ಮಂಗಳವಾರ ಪರೀಕ್ಷಾ ವಿಕಿಗಳು. ಬುಧವಾರ ವಿಕಿಪೀಡಿಯ ಅಲ್ಲದ ಸೋದರ ಯೋಜನೆಗಳು. ಕನ್ನಡ ವಿಕಿಸೋರ್ಸ್ ಮತ್ತು ಕನ್ನಡ ವಿಕ್ಷನರಿ ಈ ಬೋಗಿಯಲ್ಲಿವೆ. ಕ್ಯಾಟಲನ್ ಮತ್ತು ಹೀಬ್ರೂ ವಿಕಿಪೀಡಿಯಗಳೂ ಇವುಗಳ ಜೊತೆ ಹೋಗುತ್ತವೆ. ಗುರುವಾರ ಕನ್ನಡ, ತುಳು, ಇಂಗ್ಲಿಷ್ ಸೇರಿ ಉಳಿದ ವಿಕಿಪೀಡಿಯಗಳೆಲ್ಲ. ಕ್ಯಾನರಿಯದೇ ತತ್ತ್ವ, ಹಕ್ಕಿಯ ಬದಲು ವಾರ.

ದಾರಿಯಲ್ಲಿ ಕೆಟ್ಟ ದೋಷ ಕಂಡರೆ ಅದನ್ನು ತಡೆ ಎಂದು ದಾಖಲಿಸುತ್ತಾರೆ, ರೈಲು ನಿಲ್ಲುತ್ತದೆ ಅಥವಾ ಹಿಂದಿನ ಆವೃತ್ತಿಗೆ ಮರಳುತ್ತದೆ. ಸಣ್ಣ ತಿದ್ದುಪಡಿಗಳಿಗೆ ವಾರದ ದಿನಗಳಲ್ಲಿ ಬೇರೆ ಹೊತ್ತು ಗೊತ್ತುಮಾಡಿದ್ದಾರೆ. ಶುಕ್ರವಾರ ಸಾಮಾನ್ಯವಾಗಿ ನಿಯೋಜನೆಯಿಲ್ಲ. ಬೆಂಗಳೂರಿನ ಕಚೇರಿಗಳಲ್ಲೂ ರಾಹುಕಾಲ ನೋಡದವರು ಶುಕ್ರವಾರ ಸಂಜೆಯನ್ನು ನೋಡುತ್ತಾರೆ. ಶನಿವಾರ ಸರ್ವರ್ ಬಿದ್ದರೆ ಎತ್ತುವವರು ಯಾರು? ಪೈಪ್‌ಲೈನ್ ನಿಜಕ್ಕೂ ಗಟ್ಟಿಯಿದ್ದರೆ ಶುಕ್ರವಾರವೂ ಮಂಗಳವಾರದಂಥದೇ ದಿನ ಎಂದು ವಾದಿಸುವವರಿದ್ದಾರೆ. ವಾದ ಸರಿಯೇ, ಆದರೆ ಅವರೂ ಹಬ್ಬದ ಹಿಂದಿನ ದಿನ ಕೈ ಕಟ್ಟಿಕೊಂಡೇ ಕೂರುತ್ತಾರೆ.

ಅಳತೆ

ನಿಕೋಲ್ ಫೋರ್ಸ್‌ಗ್ರೆನ್, ಜೆಜ್ ಹಂಬಲ್ ಮತ್ತು ಜೀನ್ ಕಿಮ್ 2018ರ ಪುಸ್ತಕದಲ್ಲಿ ನಾಲ್ಕು ಅಳತೆಗಳನ್ನು ಮುಂದಿಟ್ಟರು: ಎಷ್ಟು ಸಲ ನಿಯೋಜಿಸುತ್ತೀರಿ, ಕಮಿಟ್‌ನಿಂದ ಪ್ರೊಡಕ್ಷನ್‌ಗೆ ಎಷ್ಟು ಹೊತ್ತು, ಎಷ್ಟು ಪಾಲು ನಿಯೋಜನೆ ಕೆಡುತ್ತದೆ, ಕೆಟ್ಟದ್ದು ಸರಿಯಾಗಲು ಎಷ್ಟು ಸಮಯ. ವೇಗವಾಗಿ ಹೋಗುವ ತಂಡಗಳೇ ಕಡಿಮೆ ಎಡವುತ್ತವೆ ಎಂಬುದು ಅವರ ಸಮೀಕ್ಷೆಗಳ ತೀರ್ಮಾನ. ಈ ನಾಲ್ಕನ್ನೂ ವಾರ್ಷಿಕ ಬಡ್ತಿಯ ಪಟ್ಟಿಗೆ ಅಂಟಿಸಿದ ಕಡೆ ಒಂದು ಕಮಿಟ್ ಐದಾಗಿ ಹೋಳಾಗುತ್ತದೆ.

ಭದ್ರತೆ

ಪ್ರೊಡಕ್ಷನ್ ಸರ್ವರ್‌ಗಳ ಬೀಗದ ಕೈಗಳೆಲ್ಲ ಪೈಪ್‌ಲೈನಿನ ಸೊಂಟದಲ್ಲಿರುತ್ತವೆ. ಕಳ್ಳರು ಮನೆ ಬಿಟ್ಟು ಕೈಗೊಂಚಲಿನತ್ತ ತಿರುಗಿದ್ದು ಸಹಜ. 2020ರ ಡಿಸೆಂಬರ್‌ನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಎಂಬ ತಂತ್ರಾಂಶ ಕಂಪನಿಯ ಪ್ರಕರಣದಲ್ಲಿ ಮೂಲ ಕೋಡಿನ ಭಂಡಾರ ಶುದ್ಧವಾಗಿಯೇ ಇತ್ತು. ಬಿಲ್ಡ್ ಸರ್ವರ್‌ನಲ್ಲಿ ಅಡಗಿದ್ದ ಕುತಂತ್ರಾಂಶವು ಕಂಪೈಲ್ ಆಗುವ ಹೊತ್ತಿಗೆ ಸರಿಯಾಗಿ ಒಂದು ಕಡತವನ್ನು ಅದಲುಬದಲು ಮಾಡಿ, ಮುಗಿದ ಮೇಲೆ ಮೊದಲಿನಂತೆ ಇಡುತ್ತಿತ್ತು. ಕಂಪನಿಯ ಅಧಿಕೃತ ಸಹಿಯೊಂದಿಗೇ ಅದು 18,000ದಷ್ಟು ಗಿರಾಕಿಗಳಿಗೆ ತಲುಪಿರಬಹುದೆಂದು ಅಂದಾಜಾಯಿತು. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ 23,000ಕ್ಕೂ ಹೆಚ್ಚು ಯೋಜನೆಗಳು ಬಳಸುತ್ತಿದ್ದ ಒಂದು ಸಿದ್ಧ ತುಣುಕನ್ನು ಯಾರೋ ಕೆಡಿಸಿದರು. ಅದು ಗುಪ್ತಪದಗಳನ್ನು ಬಿಲ್ಡ್‌ನ ದಾಖಲೆಯಲ್ಲೇ ಮುದ್ರಿಸತೊಡಗಿತು. ಆವೃತ್ತಿಯ ಹೆಸರನ್ನು ನಂಬಿದವರು ಸಿಕ್ಕಿಬಿದ್ದರು, ನಿರ್ದಿಷ್ಟ ಕಮಿಟ್‌ನ ಬೆರಳಚ್ಚನ್ನು ಬರೆದಿಟ್ಟವರು ಬಹುತೇಕ ಪಾರಾದರು. ಕೆಲವೇ ನಿಮಿಷ ಬದುಕುವ ಗುಪ್ತಪದಗಳು, ಒಂದೇ ಕೋಡನ್ನು ಎರಡು ಕಡೆ ಕಟ್ಟಿ ಬೈಟ್ ಬೈಟ್ ಹೋಲಿಸಿ ನೋಡುವುದು, ಯಾವ ಯಂತ್ರದಲ್ಲಿ ಯಾವ ಕೋಡಿನಿಂದ ಕಟ್ಟಿದ್ದೆಂಬ ಸಹಿ ಮಾಡಿದ ದಾಖಲೆ ಇವು ಈಗಿನ ಕಾವಲುಗಳು.

ಮಿತಿಗಳು

ಈ ಪದ್ಧತಿ ಬೆಳೆದದ್ದು ವೆಬ್ ತಾಣಗಳ ಜಗತ್ತಿನಲ್ಲಿ. ಅಲ್ಲಿ ಸರ್ವರ್ ನಮ್ಮದು, ಬೇಡವಾದದ್ದನ್ನು ಮರುಗಳಿಗೆ ಹಿಂದೆಗೆಯಬಹುದು. ವೈದ್ಯಕೀಯ ಉಪಕರಣ, ವಿಮಾನ, ಕಾರಿನ ಬ್ರೇಕ್ ಇವುಗಳಲ್ಲಿ ಸಿಐ ಪೂರ್ತಿ ಸಲ್ಲುತ್ತದೆ, ಸಿಡಿ ನಿಯಂತ್ರಕರ ಬಾಗಿಲಲ್ಲಿ ನಿಲ್ಲುತ್ತದೆ. ಮೊಬೈಲ್ ಆ್ಯಪ್‌ಗಳದು ನಡುವಿನ ಸ್ಥಿತಿ. ಆ್ಯಪಲ್‌ನ ಅಂಗಡಿಯಲ್ಲಿ ಪ್ರತಿ ಆವೃತ್ತಿಯೂ ತಪಾಸಣೆ ಮುಗಿಸಬೇಕು. ಗೂಗಲ್ ಪ್ಲೇಯಲ್ಲಿ ಶೇಕಡಾವಾರು ಹಂಚಬಹುದು, ಆದರೆ ಫೋನಿಗೆ ಇಳಿದದ್ದನ್ನು ಮರಳಿ ಕೀಳಲಾಗದು. ಜಾಗ ಸಾಲದೆ ಅಪ್‌ಡೇಟ್ ನಿಲ್ಲಿಸಿಟ್ಟ ಹಳೆಯ ಫೋನಿನಲ್ಲಿ ಎರಡು ವರ್ಷದ ಹಿಂದಿನ ಆ್ಯಪ್ ಈಗಲೂ ಓಡುತ್ತಿರುತ್ತದೆ, ಅದು ಕೇಳಿದ್ದಕ್ಕೆ ಇವತ್ತಿನ ಸರ್ವರ್ ಉತ್ತರ ಕೊಡಬೇಕು. ಅದಕ್ಕಾಗಿ ಬುದ್ಧಿವಂತ ತಂಡಗಳು ಆ ಹಳೆಯ ಆವೃತ್ತಿಯ ಟೆಸ್ಟ್‌ಗಳನ್ನು ಅಳಿಸದೆ, ದಿನವೂ ಹೊಸ ಸರ್ವರ್‌ನ ಎದುರು ಓಡಿಸುತ್ತಲೇ ಇರುತ್ತವೆ.